ಎರಡು ನೂಲಿನ ಜಾಗ

ಮರ ಸುಟ್ಟ ವಾಸನೆಯಲ್ಲಿ ಎರಡು ಬಗೆ. ಒಲೆಯಲ್ಲಿ ಉರಿದ ಮರದ್ದು ಒಂದು. ಮೊಂಡಾದ ಅಲಗು ಗಿರ್ರನೆ ತಿರುಗುತ್ತ, ಮರವನ್ನು ಕತ್ತರಿಸಲಾರದೆ ಬರೀ ಉಜ್ಜಿದಾಗ ಏಳುವುದು ಇನ್ನೊಂದು. ಅದರಲ್ಲಿ ಸ್ವಲ್ಪ ಸಿಹಿ ಇರುತ್ತದೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಹೋದ ತಿಂಗಳು ಗದಗಿನಲ್ಲಿ ನಮ್ಮ ಎದುರುಮನೆಗೆ ಬಾಗಿಲು ಮಾಡಲು ಬಂದ ಬಡಗಿಗಳು ರೂಟರ್ ಮಷಿನ್ ಹಚ್ಚಿದಾಗ ಆ ಎರಡನೆಯ ವಾಸನೆ ಕಿಟಕಿಯಿಂದ ಒಳಗೆ ಬಂತು. ನಾನು ಊಟದ ತಾಟು ಬಿಟ್ಟು ಎದ್ದೆ.

"ಯಾಕ್ರಿ ಮಾವಾರ, ಸಾರು ಖಾರ ಆತೇನ್ರಿ?" ಎಂದಳು ಸೊಸೆ.

ಖಾರ ಆಗಿರಲಿಲ್ಲ. ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತು ಗಂಟಲಿಗೆ ಬಂದಿತ್ತು. ಅವಳು ಈಗಿಲ್ಲ. ನನಗೂ ಎಪ್ಪತ್ತು ದಾಟಿತು. ಬರೆದುಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾನು ಅಹಮದಾಬಾದಿನ ನರೋಡಾದಲ್ಲಿ ಬಾಗಿಲು, ಕಪಾಟು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಹುಬ್ಬಳ್ಳಿಯಲ್ಲಿ ನನ್ನ ಕೆಲಸ ಹೋದಾಗ ಅಲ್ಲಿಗೆ ಕರೆಸಿಕೊಂಡವನು ಕಾಳಪ್ಪಣ್ಣ. ರೋಣದ ಕಡೆಯ ಬಡಿಗೇರರವನು, ದೂರದ ಸಂಬಂಧ, ನನಗಿಂತ ಹತ್ತು ವರ್ಷ ದೊಡ್ಡವನು. ಆ ಕಾರ್ಖಾನೆಯಲ್ಲಿ ಅವನೇ ಹಿರಿಯ ಮಿಸ್ತ್ರಿ. ಗುಜರಾತಿಗಳ ಬಾಯಲ್ಲಿ ಅವನು ಕಾಲುಭಾಯ್. ಅವನಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಹಲಗೆಯೊಂದರ ಮೇಲೆ ಅಂಗೈ ಆಡಿಸಿದರೆ ಅದು ಯಾವ ಕಡೆ ಬಾಗಲಿದೆ ಎಂದು ಹೇಳಬಲ್ಲವನಾಗಿದ್ದ.

ನಾವಿಬ್ಬರೂ ಕಾರ್ಖಾನೆಯ ಹಿಂದಿನ ಚಾಳಿನಲ್ಲಿ ಒಂದು ಕೋಣೆ ಹಿಡಿದಿದ್ದೆವು. ಮೇಲೆ ತಗಡು. ಗಾಳಿ ತಿರುಗಿದಾಗಲೆಲ್ಲ ಬಣ್ಣದ ಕಾರ್ಖಾನೆಗಳ ಹುಳಿ ವಾಸನೆ ಬಂದು ಕಣ್ಣು ಉರಿಯುತ್ತಿತ್ತು. ಹೆಂಡಿರು ಮಕ್ಕಳು ಊರಲ್ಲಿ. ಹಗಲೆಲ್ಲ ಮುರುಕು ಹಿಂದಿ, ಅರ್ಧ ತಿಳಿದ ಗುಜರಾತಿ. ಸಂಜೆ ಅವನು ರೊಟ್ಟಿ ಬಡಿಯುವನು, ನಾನು ಪಲ್ಯ ಮಾಡುವೆ, ಬಾಯಿ ತುಂಬ ಕನ್ನಡ ಮಾತಾಡುವೆವು. ಪಕ್ಕದ ಕೋಣೆಯವರು, "ಏನು ನೀವಿಬ್ಬರೂ ದಿನಾ ಜಗಳ ಆಡುತ್ತೀರಿ?" ಎಂದು ಕೇಳಿದ್ದುಂಟು. ನಮ್ಮ ಮಾತಿನ ಧಾಟಿಯೇ ಹಾಗೆ. ಆ ಊರಲ್ಲಿ ನನಗೆ ಇದ್ದದ್ದು ಅದೊಂದೇ ಸುಖ ಎಂದು ಆಗ ತಿಳಿದಿರಲಿಲ್ಲ.

ಏಪ್ರಿಲ್‌ನಲ್ಲಿ ಕಾರ್ಖಾನೆಯ ಮಾಲೀಕ ಶೇಠ್ ಕಾಂತಿಭಾಯಿ ಮುಂಬೈಯಿಂದ ಒಂದು ರೂಟರ್ ಮಷಿನ್ ತಂದರು. ಎರಡು ಹಿಡಿ, ನಡುವೆ ಮೋಟಾರು, ಕೆಳಗೆ ಬೆರಳುದ್ದದ ಅಲಗು. ಬಾಗಿಲೆಂದರೆ ಸುತ್ತ ಪಟ್ಟಿಗಳ ಚೌಕಟ್ಟು, ನಡುವೆ ಹಲಗೆ; ಆ ಚೌಕಟ್ಟಿಗೆ ಎರಡು ತರಹದ ಕೊರೆತ ಬೇಕಾಗುತ್ತದೆ. ಮೂಲೆಯಲ್ಲಿ ಒಂದು ಪಟ್ಟಿಯ ನಾಲಿಗೆ ಇನ್ನೊಂದರೊಳಗೆ ಕೂರಲು ಕುಳಿ. ಮತ್ತೆ, ನಡುವಿನ ಹಲಗೆಯ ಅಂಚು ಕೂರಲು ಪಟ್ಟಿಯ ಒಳಮೈಗೆ ಉದ್ದಕ್ಕೂ ಒಂದು ಸಣ್ಣ ಕಾಲುವೆ. ಕಾರ್ಖಾನೆಯ ಹಿಂದಿಯಲ್ಲಿ ಅದಕ್ಕೆ ಝಿರಿ. ಉಳಿ ಹಿಡಿದರೆ ಒಂದು ಬಾಗಿಲಿಗೆ ಒಂದು ದಿನ ಹಿಡಿಯುವ ಈ ಕೆಲಸ ಮಷಿನ್ನಿಗೆ ಒಂದು ತಾಸಿನದು.

ಮಷಿನ್ ಜೊತೆ ಇಂಗ್ಲಿಷಿನ ಪುಸ್ತಿಕೆಯೊಂದು ಇತ್ತು. ಕಾರ್ಖಾನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಮಷಿನ್ ನನ್ನ ಕೈಗೆ ಬಂತು. ಕಾಳಪ್ಪಣ್ಣನಿಗೆ ನಾನು ಕೊರೆದುಕೊಟ್ಟ ಪಟ್ಟಿಗಳನ್ನು ಜೋಡಿಸಿ ಚೌಕಟ್ಟು ಮುಚ್ಚುವ ಕೆಲಸ ಉಳಿಯಿತು. ಅವನು ಮುಖ ಸಣ್ಣದು ಮಾಡಲಿಲ್ಲ. ಮಷಿನ್ ಕೊರೆದ ಕುಳಿಯ ತುದಿ ಗುಂಡಗೆ ಬರುತ್ತದೆ, ಅಲಗೇ ಗುಂಡಗಿರುವುದರಿಂದ. ಅದನ್ನು ಉಳಿಯಿಂದ ಚೌಕ ಮಾಡುತ್ತ ನಗುತ್ತಿದ್ದ.

"ಏನೋ ಎಸ್ಸೆಸ್ಸೆಲ್ಸಿ ಸಾಹೇಬಾ, ನಿನ್ನ ಮಷಿನ್ನಿಗೆ ಮೂಲಿ ಅಂದ್ರ ಏನಂತ ಗೊತ್ತಿಲ್ಲಲ್ಲೋ! ಯಾವ ಸಾಲಿ ಕಲತೈತಿ ಇದು?"

"ನೀನ ಕಲಸಣ್ಣಾ. ಅದಕ್ಕೂ ಒಂದ ಸರ್ಟಿಫಿಕೇಟ್ ಕೊಡು."

"ನಾ ಹೆಬ್ಬೆಟ್ಟ ಒತ್ತವ. ನಡಿತೈತೇನು?"

ಮೇ ತಿಂಗಳಲ್ಲಿ ಮಣಿನಗರದ ಕಡೆಯ ಒಂದು ಮದುವೆ ಮಂದಿರಕ್ಕೆ ಮೂವತ್ತು ಬಾಗಿಲು ಮಾಡುವ ಕೆಲಸ ಬಂತು. ಚೌಕಟ್ಟಿಗೆ ತೇಗ, ನಡುವಿನ ಹಲಗೆಗೆ ಬಂದರಿನಿಂದ ಬಂದ ಸಾಧಾರಣ ಮರ. ಆ ಊರಿನ ಮೇ ತಿಂಗಳನ್ನು ಕಂಡವರಿಗೇ ಗೊತ್ತು. ಮಧ್ಯಾಹ್ನ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಬಿಸಿಗಾಳಿಗೆ ತುಟಿ ಸೀಳುತ್ತದೆ, ಹಲಗೆ ಒಣಗಿ ಬಡಿದರೆ ತಾಳದಂತೆ ಸದ್ದು ಮಾಡುತ್ತದೆ. ಕೆಲಸ ಶುರುವಾದ ದಿನ ಕಾಳಪ್ಪಣ್ಣ ಒಂದು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಹೇಳಿದ:

"ತಮ್ಮಾ, ಇದು ಈಗ ಉಪವಾಸ ಐತಿ. ಮಳಿ ಬಂದ ಮ್ಯಾಲೆ ನೀರು ಕುಡದು ಉಬ್ಬತೈತಿ. ಝಿರಿ ನಾಕು ನೂಲು ಆಳ ಹೊಡಿ. ಹಲಗಿ ಎರಡು ನೂಲು ಒಳಗ ಹೊಕ್ಕಿರಲಿ, ಎರಡು ನೂಲು ಜಾಗ ಖಾಲಿ ಇರಲಿ. ಅದು ಹಲಗಿಗೆ ಕೈಕಾಲು ಚಾಚಾಕ."

ನಮ್ಮ ಬಡಿಗೇರರ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ನಾಲ್ಕು ನೂಲೆಂದರೆ ಅರ್ಧ ಇಂಚು. ಹಲಗೆಗೆ ಅಂಟು ಹಾಕುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಚೌಕಟ್ಟಿನ ನಡುವೆ ಅದು ಸಡಿಲಾಗಿ ನಿಂತಿರಬೇಕು. ಇದನ್ನು ನಾನೂ ಬಲ್ಲೆ.

ಅರ್ಧ ಇಂಚು ಆಳವನ್ನು ಒಂದೇ ಸಲಕ್ಕೆ ಕೊರೆಯಬಾರದು, ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂದು ಪುಸ್ತಿಕೆಯಲ್ಲಿತ್ತು. ಅದನ್ನು ಓದಬಲ್ಲವನು ನಾನೊಬ್ಬನೇ, ಓದಿಯೂ ಇದ್ದೆ. ಆದರೂ ಎರಡನೆಯ ದಿನವೇ ಒಂದೇ ಸಲಕ್ಕೆ ಪೂರ್ತಿ ಆಳ ಇಳಿಸಿದೆ. ಶೇಠ್ ಬಂದು ನಿಂತು ನೋಡುತ್ತಿದ್ದರು. ಅವರ ಮುಂದೆ ಮಷಿನ್ ಓಡಿಸಿ ತೋರಿಸುವ ಹುಕಿ. "ವಾಹ್ ಮೌನೇಶಭಾಯ್!" ಎಂದರು. ಆ ಒಂದು ಮಾತಿಗೆ ಮೂರು ದಿನ ಹಾಗೆಯೇ ಮಾಡಿದೆ. ಐದನೆಯ ದಿನ ಮಷಿನ್ ಚೀರತೊಡಗಿತು. ಹೊಗೆ ಎದ್ದಿತು. ಆ ಸಿಹಿ ವಾಸನೆ ಬಂತು. ನೋಡಿದರೆ ಅಲಗಿನ ಬಾಯಿ ಕಾದು ಸುಟ್ಟು ನೀಲಿಯಾಗಿತ್ತು.

ಇದ್ದದ್ದು ಅದೊಂದೇ ಅಲಗು. ಇನ್ನೊಂದು ಮುಂಬೈಯಿಂದ ಬರಬೇಕು. ಅಲಗು ಸುಟ್ಟೆ ಎಂದು ಹೇಳಿದ್ದರೆ ಶೇಠ್ ಬೈಯುತ್ತಿದ್ದರು, ತರಿಸುತ್ತಿದ್ದರು, ಅಷ್ಟೇ. ಹೇಳಲು ಬಾಯಿ ಬರಲಿಲ್ಲ. ಓದಿದವನು ಎಂದು ಮಷಿನ್ ಹಿಡಿದಿದ್ದೆ. ಹಾಗಾಗಿ ಆಳ ಕಡಿಮೆ ಮಾಡಿದೆ. ಎರಡು ನೂಲು, ಮೇಲೊಂದು ಕೂದಲೆಳೆ, ಅಷ್ಟೇ ಇಳಿಸಿದರೆ ಮಷಿನ್ ಚೀರುತ್ತಿರಲಿಲ್ಲ. ಮೊದಲ ನಾಲ್ಕು ದಿನದ ಪಟ್ಟಿ ಕೆಲವು ಬಿಟ್ಟರೆ ಉಳಿದ ಅಷ್ಟೂ ಬಾಗಿಲಿನ ಝಿರಿಯನ್ನು ಹಾಗೆಯೇ ಕೊರೆದೆ. ತಳ ಕಪ್ಪಗೆ ಸುಟ್ಟಿರುತ್ತಿತ್ತು. ಇದ್ದಿಲಿನಂಥ ಪುಡಿಯನ್ನು ಊದಿ, ಒರೆಸಿ ಕೊಡುತ್ತಿದ್ದೆ.

ಕಾಳಪ್ಪಣ್ಣ ಕೇಳಿದ್ದ. ಒಮ್ಮೆ ಅಲ್ಲ, ಎರಡು ಸಲ.

"ಜಾಗ ಬಿಟ್ಟೀಯಿಲ್ಲೋ?"

"ಬಿಟ್ಟೀನಣ್ಣಾ."

"ಹಲಗಿ ಯಾಕೋ ಬಿಗಿ ಹೊಕ್ಕಾಂಗ ಆಕ್ಕೈತಿ."

"ಮಷಿನ್ ಅಳತಿ ಅಣ್ಣಾ. ನಮ್ಮ ಉಳಿ ಕೆಲಸದಂಗ ಹೆಚ್ಚುಕಡಿಮಿ ಆಗೂದಿಲ್ಲ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಅಳತೆ ಕಡ್ಡಿಯನ್ನು ಝಿರಿಯಲ್ಲಿ ಇಳಿಸಿ ನೋಡಬಹುದಿತ್ತು, ಕಿಸೆಯಲ್ಲೇ ಇತ್ತು. ಇಳಿಸಲಿಲ್ಲ. ಇಳಿಸಿದ್ದರೆ ನನ್ನ ಮಾತು ನಂಬಲಿಲ್ಲ ಎಂದಾಗುತ್ತಿತ್ತು. ಕೊಡತಿ ಎತ್ತಿ ಚೌಕಟ್ಟು ಮುಚ್ಚಿದ. ಒಮ್ಮೆ ಮುಚ್ಚಿದರೆ ಝಿರಿಯ ತಳ ಯಾರಿಗೂ ಕಾಣುವುದಿಲ್ಲ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಚೌಕಟ್ಟು ಮುಚ್ಚಿದವನು ಬಾಗಿಲಿನ ನೆತ್ತಿಯ ಮೇಲೆ ಪೆನ್ಸಿಲಿನಿಂದ ತನ್ನ ಗುರುತು ಹಾಕಬೇಕು. ಕೊರೆದವರು ಯಾರೇ ಇರಲಿ, ಹತ್ತರಿ ಹೊಡೆದು ನುಣುಪು ಮಾಡಿದವರು ಯಾರೇ ಇರಲಿ, ಮುಚ್ಚಿದವನೇ ಆ ಬಾಗಿಲಿಗೆ ಜವಾಬುದಾರ. ಮುಚ್ಚುವ ಮುಂಚೆ ಎಲ್ಲವನ್ನೂ ನೋಡುವ ಹಕ್ಕು ಅವನಿಗಿರುತ್ತದಲ್ಲ, ಅದಕ್ಕೆ. ಕಾಳಪ್ಪಣ್ಣನ ಗುರುತು ಮೂರು ಅಡ್ಡಗೆರೆ, ವಿಭೂತಿಯ ಹಾಗೆ. ಮೂವತ್ತೂ ಬಾಗಿಲ ನೆತ್ತಿಗೆ ಮೂರು ಗೆರೆ ಎಳೆದು ಟೆಂಪೋ ಹತ್ತಿಸಿದ. ಬಾಗಿಲು ಹೋದ ಮಾರನೆಯ ವಾರ, ಅಲಗು ಸವೆದಿದೆ ಎಂದಷ್ಟೇ ಹೇಳಿ ನಾನು ಹೊಸದನ್ನು ತರಿಸಿಕೊಂಡೆ.

ಜೂನ್ ಕೊನೆಗೆ ಮಳೆ ಬಂತು. ಆ ವರ್ಷ ಬಿಡದೆ ಹೊಡೆಯಿತು. ರಸ್ತೆಯ ಮೇಲೆ ಮೊಣಕಾಲು ನೀರು, ತಗಡಿನ ಮೇಲೆ ಸದ್ದು. ಅಕ್ಕಿ, ಹಿಟ್ಟು, ಬೆಂಕಿಪೊಟ್ಟಣ ಎಲ್ಲ ಮೆತ್ತಗಾದವು. ನನ್ನ ಎದೆಯೂ ಹಾಗೇ ಇತ್ತು. ಕೆಲಸ ಮಾಡುತ್ತ ಮಾಡುತ್ತ, ಆ ಬಾಗಿಲುಗಳು ಈಗ ನೀರು ಕುಡಿಯುತ್ತಿವೆ ಎಂದು ನೆನಪಾಗುತ್ತಿತ್ತು. ಏನೂ ಆಗಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ.

ಆಗಸ್ಟ್‌ನಲ್ಲಿ ಒಂದು ಮುಂಜಾನೆ ಟೆಂಪೋ ತಿರುಗಿ ಬಂತು. ಮೊದಲ ಕಂತಿನಲ್ಲಿ ಎಂಟು ಬಾಗಿಲು. ಹಲಗೆಗಳು ಉಬ್ಬಿ, ಹೋಗಲು ಜಾಗವಿಲ್ಲದೆ, ಎರಡೂ ಬದಿಯ ಪಟ್ಟಿಗಳನ್ನು ಹೊರಗೆ ತಳ್ಳಿದ್ದವು. ಮೂಲೆಯ ಕುಳಿಗಳಿಂದ ನಾಲಿಗೆಗಳು ಅರ್ಧ ಆಚೆ ಬಂದಿದ್ದವು. ಒಂದರಲ್ಲಂತೂ ಪಟ್ಟಿಯೇ ಉದ್ದಕ್ಕೆ ಸೀಳಿತ್ತು. ಶೇಠ್ ನೆತ್ತಿಯ ಗುರುತು ನೋಡಿದರು.

"ಕಾಲುಭಾಯ್, ಯೇ ಕ್ಯಾ ಹೈ? ನೀವು ಹಲಗೆಗೆ ಅಂಟು ಹಾಕಿದಿರೇನು?"

"ಇಲ್ಲ ಶೇಠ್."

"ಮತ್ತೆ ಹೇಗಾಯಿತು? ಒಂದನ್ನು ಬಿಚ್ಚಿ ನೋಡೋಣ. ಮೌನೇಶಭಾಯ್, ಬಿಚ್ಚಿ ಇಡಿ. ಚಹಾ ಕುಡಿದು ಬರುತ್ತೇವೆ."

ಅವರು ಕಾಳಪ್ಪಣ್ಣನನ್ನೂ ದೊಡ್ಡ ರಸ್ತೆಯ ಚಹಾದಂಗಡಿಗೆ ಕರೆದುಕೊಂಡು ಹೋದರು. ಉಳಿದವರು ಇನ್ನೂ ಬಂದಿರಲಿಲ್ಲ; ಕಾರ್ಖಾನೆಯಲ್ಲಿ ನಾನೊಬ್ಬನೇ. ಒಂದು ಬಾಗಿಲು ಬಿಚ್ಚಿದೆ. ಝಿರಿಯ ತಳ ಕಪ್ಪಗೆ, ಎರಡು ನೂಲು ಆಳದಲ್ಲಿ, ನಾನು ಬಿಟ್ಟ ಹಾಗೇ ಇತ್ತು. ಅದನ್ನು ಹಾಗೇ ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು. ನಾನು ಬಾಯಿ ಬಿಡಬೇಕಾದ ಕೆಲಸವೂ ಇರಲಿಲ್ಲ.

ಪಟ್ಟಿಗಳನ್ನು ಮೇಜಿನ ಕ್ಲಾಂಪಿನಲ್ಲಿ ಬಿಗಿದು, ಮಷಿನ್ ಹಚ್ಚಿ, ಹೊಸ ಅಲಗಿನಿಂದ ಅದೇ ಝಿರಿಯನ್ನು ನಾಲ್ಕು ನೂಲಿಗೆ ಇಳಿಸಿದೆ. ಈ ಸಲ ಪುಸ್ತಿಕೆಯಲ್ಲಿ ಹೇಳಿದಂತೆ ಮೂರು ಸಲಕ್ಕೆ ಇಳಿಸಿದೆ. ಅಷ್ಟು ನೇರವಾದ ಝಿರಿಯನ್ನು ಆ ವರ್ಷವೆಲ್ಲ ಕೊರೆದಿರಲಿಲ್ಲ. ಪುಡಿ ಗುಡಿಸಿ ಮೂಲೆಗೆ ತಳ್ಳಿದೆ.

ಶೇಠ್ ಬಂದು ಅಳತೆಪಟ್ಟಿ ಇಟ್ಟರು. ಅರ್ಧ ಇಂಚು. ಅವರು ವ್ಯಾಪಾರಿ; ಅಳತೆ ಗೊತ್ತು, ಮರ ಗೊತ್ತಿಲ್ಲ. "ಝಿರಿ ತೋ ಬರಾಬರ್ ಹೈ" ಎಂದರು. ಝಿರಿ ಸರಿ ಇದ್ದರೆ ತಪ್ಪು ಮುಚ್ಚಿದವನದು ಎಂದು ಅರ್ಥ. ಆಮೇಲೆ ಕಾಳಪ್ಪಣ್ಣ ಮುಂದೆ ಬಂದ. ತೋರುಬೆರಳನ್ನು ಝಿರಿಯೊಳಗೆ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ಎಳೆದ. ಬೆರಳ ತುದಿಗೆ ಹಳದಿ ಬಣ್ಣದ ಹಸಿ ಪುಡಿ ಅಂಟಿತ್ತು. ಮೂಸಿದ. ಎರಡು ತಿಂಗಳ ಹಿಂದೆ ಮುಚ್ಚಿದ ಝಿರಿಯಲ್ಲಿ ಆಗ ತಾನೇ ಕೊರೆದ ತೇಗದ ವಾಸನೆ ಇರುವುದಿಲ್ಲ. ಪುಡಿಯನ್ನು ಧೋತರಕ್ಕೆ ಒರೆಸಿಕೊಂಡ. ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೇಳುತ್ತೀಯೇನೋ ಎಂದು ಕಾಯುವವನ ನೋಟ ಅದು. ನಾನು ಮಷಿನ್ನಿನ ವಾಯರು ಸುತ್ತತೊಡಗಿದೆ.

"ಮುಚ್ಚಿದವನು ನಾನೇ, ಶೇಠ್" ಎಂದ ಅವನು. "ನನ್ನ ಗುರುತು."

ಶೇಠ್ ಕೆಟ್ಟವರಲ್ಲ, ಕೆಲಸದಿಂದ ತೆಗೆಯಲಿಲ್ಲ. "ಕಾಲುಭಾಯ್, ವಯಸ್ಸಾಯಿತು. ಇನ್ನು ನೀವು ಪಾಲಿಶ್ ನೋಡಿಕೊಳ್ಳಿ. ಮುಚ್ಚುವುದು ಮೌನೇಶಭಾಯ್ ಮಾಡಲಿ" ಎಂದರು. ಅವನನ್ನು ಕೊಲ್ಲಲು ಅಷ್ಟು ಸಾಕಿತ್ತು. ನಲವತ್ತು ವರ್ಷ ಉಳಿ ಹಿಡಿದ ಕೈಗೆ ಅಂದೇ ಉಸುಕಿನ ಕಾಗದ ಬಂತು.

ಆ ಸಂಜೆ ಕೋಣೆಯಲ್ಲಿ ನಾನು ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತ, "ಅಣ್ಣಾ, ಎಣ್ಣಿ ತೀರೇತಿ, ತರಲೇನು?" ಎಂದೆ.

"ಲೇ ಆವೋ" ಎಂದ.

ತಮಾಷೆಗೆ ಹಿಂದಿಯಲ್ಲಿ ಹೇಳಿದ ಎಂದುಕೊಂಡೆ. ಎಣ್ಣೆ ತಂದುಕೊಟ್ಟೆ. "ಇನ್ನೊಂದ ರೊಟ್ಟಿ ಹಾಕ್ಕೋ" ಎಂದೆ. "ನಹೀಂ, ಬಸ್" ಎಂದ. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಜಗಳವಾಡಲಿಲ್ಲ, ಮುಖ ತಿರುಗಿಸಲಿಲ್ಲ, ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ. ಕನ್ನಡವನ್ನು ಮಾತ್ರ ಬಿಟ್ಟ. ಕಾರ್ಖಾನೆಯಲ್ಲಿ ಗುರುತಿಲ್ಲದ ಹಮಾಲನ ಜೊತೆ ಮಾತಾಡುವ ಆ ಮೂರು ನಾಲ್ಕು ಮಾತಿನ ಹಿಂದಿ ನನ್ನ ಪಾಲಿಗೆ ಬಂತು. ನೀರು ಬಂತು. ಬೀಗ ಎಲ್ಲಿ. ಪಂಖಾ ಬಂದ್ ಮಾಡು. ನಾನು ಕನ್ನಡದಲ್ಲಿ ಎಷ್ಟು ಮಾತಾಡಿದರೂ ಅವನ ಉತ್ತರ ಹಿಂದಿಯಲ್ಲಿ. ಕೊನೆಗೆ ನಾನೂ ಕಡಿಮೆ ಮಾಡಿದೆ. ಒಂದೇ ಕೋಣೆಯಲ್ಲಿ ನಾಲ್ಕು ಅಡಿ ಅಂತರದಲ್ಲಿ ಮಲಗುತ್ತಿದ್ದೆವು. ಪಕ್ಕದವರು ಹೇಳಿದರು: "ಈಗ ಜಗಳ ನಿಂತಿತಲ್ಲ, ಒಳ್ಳೆಯದಾಯಿತು."

ನವರಾತ್ರಿ ಬಂತು. ಸಂಜೆಯಾದರೆ ಸುತ್ತಲಿನ ಸೊಸೈಟಿಗಳಿಂದ ಗರ್ಬಾದ ಡೋಲು ಕೇಳುತ್ತಿತ್ತು. ನಮ್ಮ ಕಡೆ ಖಂಡೇಪೂಜೆಗೆ, ಅಂದರೆ ಆಯುಧಪೂಜೆಯ ದಿನ, ಬಡಿಗೇರರು ಹತಾರ ಪೂಜೆ ಮಾಡದೆ ಇರುವುದಿಲ್ಲ. ಪ್ರತಿ ವರ್ಷದಂತೆ ಕಾಳಪ್ಪಣ್ಣ ಕಾರ್ಖಾನೆಯಲ್ಲೇ ಮಣೆ ಹಾಕಿ ಉಳಿ, ಬಾಚಿ, ಹತ್ತರಿ, ಗರಗಸ ಸಾಲಾಗಿ ಇಟ್ಟ. ನನ್ನವನ್ನು ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ನನ್ನ ಹತಾರಗಳಿಗೂ ವಿಭೂತಿ ಹಚ್ಚಿದ. ಎದ್ದು ಹೋಗಿ ರೂಟರ್ ಮಷಿನ್ನಿಗೂ ಮೂರು ಬೆರಳಿನಿಂದ ವಿಭೂತಿ ಎಳೆದು, ಹೂವಿಟ್ಟು, ಕೈಮುಗಿದ. ಮಷಿನ್ನಿನ ತಪ್ಪೇನಿತ್ತು. ಆಮೇಲೆ ಒಡೆದ ಕಾಯಿಯ ಒಂದು ಹೋಳನ್ನು ನನ್ನ ಮುಂದೆ ಹಿಡಿದು "ಲೋ", ತಗೋ, ಎಂದ. ದೇವರ ಪ್ರಸಾದವನ್ನೂ ನನಗೆ ಹಿಂದಿಯಲ್ಲಿ ಕೊಟ್ಟ. ಆಗ ನಾನು ಅತ್ತೆ. ಗರ್ಬಾದ ಸದ್ದಿನಲ್ಲಿ ಅದು ಅವನಿಗೂ ಕೇಳಿಸಿರಲಿಕ್ಕಿಲ್ಲ.

ದೀಪಾವಳಿಗೆ ಊರಿಗೆ ಹೊರಟವನು ಹತಾರದ ಪೆಟ್ಟಿಗೆಯನ್ನೂ ಕಟ್ಟಿದ. ತಿರುಗಿ ಬರುವುದಿಲ್ಲ ಎಂದು ಅದರಿಂದಲೇ ತಿಳಿಯಿತು. ಪೆಟ್ಟಿಗೆ ಹೊತ್ತು ಸ್ಟೇಷನ್ನಿಗೆ ಹೋದೆ. ಬೇಡ ಎನ್ನಲಿಲ್ಲ. ಗಾಡಿ ಹೊರಡುವ ಮುಂಚೆ ಕಿಟಕಿಯ ಸರಳು ಹಿಡಿದು, "ಅಣ್ಣಾ, ಒಂದ ಮಾತ" ಎಂದೆ.

"ಬೋಲೋ."

ಆ ಒಂದು ಶಬ್ದ ಕೇಳಿ ಸರಳು ಬಿಟ್ಟೆ. ಗಾಡಿ ಹೋಯಿತು.

ಆ ಚಳಿಗಾಲ ಹೇಗೆ ಕಳೆಯಿತೋ. ಹಿರಿಯ ಮಿಸ್ತ್ರಿ ಈಗ ನಾನು. ಕೋಣೆಗೆ ಬಂದು ಬೀಗ ತೆಗೆದರೆ ಮಾತಾಡಲು ಗೋಡೆ. ಅಡುಗೆ ಮಾಡುತ್ತ, ಉಪ್ಪು ಹಾಕಿದೆನೋ ಇಲ್ಲವೋ ಎಂದು ಗಟ್ಟಿಯಾಗಿ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ, ಕನ್ನಡ ಕಿವಿಗೆ ಬೀಳಲಿ ಎಂದು. ಒಂದು ಭಾನುವಾರ ಮಣಿನಗರಕ್ಕೆ ಹೋದೆ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವರ ಮನೆಯೊಂದಿತ್ತು; ಹಿಂದೆ ಅವರ ಕಪಾಟು ರಿಪೇರಿಗೆ ಹೋದಾಗ ಆ ತಾಯಿ ನನಗೂ ಕಾಳಪ್ಪಣ್ಣನಿಗೂ ಉಪ್ಪಿಟ್ಟು ಕೊಟ್ಟು ತಾಸುಗಟ್ಟಲೆ ಮಾತಾಡಿಸಿದ್ದರು. ಗಂಟೆ ಒತ್ತಿದೆ. ಮಗಳು ಬಾಗಿಲು ತೆರೆದಳು. "ಅಮ್ಮಾರು ಅದಾರೇನವಾ?" ಎಂದೆ. ಅವಳಿಗೆ ನಾನು ಹೇಳಿದ್ದು ತಿಳಿಯಿತು, ಆದರೆ ಉತ್ತರ ಗುಜರಾತಿಯಲ್ಲಿ ಬಂತು: "ಮಮ್ಮಿ ಘರೇ ನಥೀ." ಅಮ್ಮ ಮನೆಯಲ್ಲಿಲ್ಲವಂತೆ. ಮೆಟ್ಟಿಲಿಳಿದು ಬಂದೆ. ಮತ್ತೆ ಹೋಗಲಿಲ್ಲ.

ಮರಳಿ ಬಂದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಝಿರಿ ಇಳಿಸಿ, ನಾನೇ ಮುಚ್ಚಿದೆ. ಅವುಗಳ ನೆತ್ತಿಯ ಮೂರು ಗೆರೆ ಒರೆಸಿ ನನ್ನ ಗುರುತು ಹಾಕಬೇಕಿತ್ತು. ಒರೆಸಲು ಕೈ ಬರಲಿಲ್ಲ. ಪಕ್ಕದಲ್ಲೇ ನನ್ನದನ್ನು ಹಾಕಿದೆ. ಯಾರೂ ಕೇಳಲಿಲ್ಲ.

ಐದು ವರ್ಷದ ಮೇಲೆ ನಾನೂ ಊರಿಗೆ ಬಂದುಬಿಟ್ಟೆ. ಬಂದ ತಿಂಗಳಲ್ಲೇ ರೋಣದ ಬಸ್ಸು ಹತ್ತಿ, ಅಲ್ಲಿಂದ ಅವನ ಹಳ್ಳಿಗೆ ಹೋದೆ. ಕಾಳಪ್ಪಣ್ಣ ಅಂಗಳದಲ್ಲಿ ಬೇವಿನ ನೆರಳಿಗೆ ಕೂತು ಹೊರಸಿನ ಕಾಲಿಗೆ ಕುಳಿ ತೆಗೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನ ಹೆಂಡತಿ ಗಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅವನು ತಲೆ ಎತ್ತಿದ.

"ಆವೋ ಭಾಯ್. ಬೈಠೋ."

ಗಂಗವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಅಯ್ಯ, ಇವರ ಸೊಗಸು ನೋಡ್ರಿ! ಗುಜರಾತದಾಗ ಇದ್ದು ಬಂದಾವ್ರು, ಮಂದಿ ಮುಂದ ಹಿಂದಿ ಹೊಡಿತಾರ. ನಮಗೇನ ತಿಳಿಬೇಕ್ರಿ?"

ಅವಳಿಗೆ ಏನೂ ಗೊತ್ತಿಲ್ಲ ಎಂದು ಆ ನಗುವಿನಿಂದ ಅರ್ಥವಾಯಿತು. ಐದು ವರ್ಷದಲ್ಲಿ ಅವನು ಈ ವಿಷಯ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನಾನು ನಿಂತೇ ಇದ್ದೆ.

"ಅಣ್ಣಾ, ಆ ಬಾಗಲಾ—"

"ಹಿಂದೀ ಮೇಂ ಬೋಲೋ" ಎಂದ, ಹೆಂಡತಿಯ ಕಡೆ ಒಮ್ಮೆ ಕಣ್ಣು ಹಾಯಿಸಿ.

ನನಗೆ ಬರುವ ಹಿಂದಿ ಎಷ್ಟು? ಮರದ್ದು, ಅಳತೆಯದು, ಅಂಗಡಿಯದು. ಅದರಲ್ಲೇ ಹೇಳಿದೆ. "ಝಿರಿ ಕಮ್ ಥಾ. ದೋ ಸೂತ್. ಬಾದ್ ಮೇಂ ಮೈನೇ ಕಾಟಾ. ಗಲತೀ ಮೇರಾ ಥಾ. ತುಮ್ಹಾರಾ ನಹೀಂ." ಝಿರಿ ಎರಡೇ ನೂಲಿತ್ತು, ಆಮೇಲೆ ಆಳ ಮಾಡಿದವನು ನಾನು, ತಪ್ಪು ನನ್ನದು: ಹೇಳಲಾದದ್ದು ಇಷ್ಟೇ. ಮಾಫಿಗೆ ಇನ್ನೂ ಏನೇನೋ ಮಾತು ಬೇಕಿತ್ತು. ಅವು ನನ್ನಲ್ಲಿ ಇರಲಿಲ್ಲ.

"ಮಾಲೂಮ್ ಹೈ", ಗೊತ್ತಿದೆ, ಎಂದ. ಕುಳಿಯೊಳಗಿನ ಮರದ ಚಕ್ಕೆಯನ್ನು ಊದಿ ತೆಗೆದ.

"ಏನಂತ್ರೀ?" ಎಂದಳು ಗಂಗವ್ವ, ಮೊರ ನಿಲ್ಲಿಸಿ.

ಕಾಳಪ್ಪಣ್ಣ ಅವಳ ಕಡೆ ತಿರುಗಿದ. ಅಷ್ಟು ವರ್ಷದ ಮೇಲೆ ಅವನ ಬಾಯಿಂದ ಕನ್ನಡ ಕೇಳಿದೆ.

"ಅಲ್ಲೀ ಮಳಿ ನೆನಸಾಕತ್ಯಾನ. ಭಾಳ ಮಳಿ ಆಗಿತ್ತು ಒಂದ ವರ್ಷ. ಚಾ ಇಡು ಅವಗ, ದೂರಿಂದ ಬಂದಾನ."

ಚಹಾ ಬಂತು. ಕುಡಿದೆ. ಅವನು ಉಳಿಯನ್ನು ಮತ್ತೆ ಕುಳಿಯ ಮೂಲೆಗೆ ಇಟ್ಟು, ಕೊಡತಿ ಎತ್ತಿ, ನನ್ನ ಕಡೆ ನೋಡದೆ ಕೇಳಿದ:

"ಬಸ್ ಕಬ್ ಹೈ?"

"ಪಾಂಚ್ ಬಜೇ" ಎಂದೆ.